ನಮ್ಮಂಥ ಕಾಲೇಜಲ್ಲಿ ರೀಜನಲ್ ಕ್ಲೈಮೇಟ್ ಮಾಡೆಲ್ ಓಡಿಸೋದು ಸಾಧ್ಯನಾ? ಇಲ್ಲ ಸಿಗೋ ಡೇಟಾ ತಗೊಂಡು ಕೆಲಸ ಮುಗಿಸೋದೇ ವಾಸಿನಾ?

ತುಂಗಾತೀರ

ನಮಸ್ಕಾರ. ಮಧ್ಯ ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಸಿವಿಲ್ ಮೇಷ್ಟ್ರು ನಾನು. ಪಾಠದ ಜೊತೆಗೇ ಪಿಎಚ್‌ಡಿ ನಡೀತಿದೆ. ವಿಷಯ ಇಷ್ಟು: 2050ರ ಹೊತ್ತಿಗೆ ತುಂಗಾ, ಭದ್ರಾ ಕಣಿವೆಗಳ ಮಳೆ ಹೇಗೆ ಬದಲಾಗುತ್ತೆ, ಹೊಸಪೇಟೆ ಡ್ಯಾಮಿನ ಒಳಹರಿವಿಗೆ ಅದರಿಂದ ಏನಾಗುತ್ತೆ.

ರೀಜನಲ್ ಮಾಡೆಲ್ (ಒಂದು ಪ್ರದೇಶದ ಹವಾಮಾನವನ್ನ ಸಣ್ಣ ಚೌಕಗಳಲ್ಲಿ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲ್) ನೀನೇ ಓಡಿಸಬೇಕು ಅಂತ ಗೈಡ್ ಪಟ್ಟು ಹಿಡಿದಿದ್ದಾರೆ. ಅವರ ಮಾತಲ್ಲೂ ಅರ್ಥ ಇದೆ. ಜಾಗತಿಕ ಮಾಡೆಲ್‌ಗಳಲ್ಲಿ ಒಂದೊಂದು ಚೌಕ 100–200 ಕಿ.ಮೀ. ಅಗಲ, ಅಷ್ಟರಲ್ಲಿ ಪಶ್ಚಿಮ ಘಟ್ಟ ಇದ್ದೂ ಇಲ್ಲದಂತೆ. "ಬೇರೆಯವರ ಡೇಟಾ ತಗೊಂಡ್ರೆ ಹೊಸದೇನು ಅಂತ ಕೇಳ್ತಾರೆ" ಅನ್ನೋದು ಅವರ ಇನ್ನೊಂದು ಭಯ.

ನನ್ನ ಹತ್ರ ಇರೋದು 16 ಕೋರಿನ ಒಂದು ವರ್ಕ್‌ಸ್ಟೇಷನ್, 4 ಟಿಬಿ ಡಿಸ್ಕ್, ಅರ್ಧ ಗಂಟೆ ತಡೆಯೋ ಯುಪಿಎಸ್. ಬೇಸಿಗೆಯಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು. ರೆಗ್‌ಸಿಎಂ, ಡಬ್ಲ್ಯುಆರ್‌ಎಫ್ ಅನ್ನೋ ರೀಜನಲ್ ಮಾಡೆಲ್ ಎರಡೂ ಪುಕ್ಕಟೆ ಸಿಗುತ್ತೆ. ಲಿನಕ್ಸ್ ಅಷ್ಟೋ ಇಷ್ಟೋ ಬರುತ್ತೆ. ಕೈ ಹಾಕಲಾ ಬೇಡ್ವಾ?

ಗ್ರಿಡ್‌ಗುಂಡ

ಬೇಡ.

ತುಂಗಾತೀರ

ಸ್ವಲ್ಪ ಬಿಡಿಸಿ ಹೇಳಿ ಸರ್ 🙏

ಗ್ರಿಡ್‌ಗುಂಡ

ಸರಿ, ಲೆಕ್ಕ ಹಾಕಿ. ಹಳೇ ಕಾಲಕ್ಕೆ 30 ವರ್ಷದ ಒಂದು ಓಟ. ಮುಂದಿನ ಕಾಲಕ್ಕೆ ಎರಡು ಸನ್ನಿವೇಶ (ಇಂಗಾಲ ಎಷ್ಟು ಹೆಚ್ಚುತ್ತೆ ಅನ್ನೋ ಊಹೆ) ಅಂದ್ರೆ ಇನ್ನೆರಡು ಓಟ. 90 ವರ್ಷ ಆಯ್ತು. ಒಂದೇ ಜಾಗತಿಕ ಮಾಡೆಲ್‌ನ ಗಡಿ ಡೇಟಾ (ನಮ್ಮ ಪ್ರದೇಶದ ಅಂಚಿಗೆ ಹೊರಗಿಂದ ಬರೋ ಗಾಳಿ, ತೇವದ ಲೆಕ್ಕ) ತಗೊಂಡು ಓಡಿಸಿದ್ರೆ ಪರೀಕ್ಷಕರು ಮೊದಲು ಕೇಳೋದೇ "ಇದೊಂದೇ ಯಾಕೆ?" ಅಂತ. ಐದು ತಗೊಂಡ್ರೆ 450 ಮಾಡೆಲ್ ವರ್ಷ. 16 ಕೋರಲ್ಲಿ 25 ಕಿ.ಮೀ. ಗ್ರಿಡ್ ಇಟ್ರೆ ಒಂದು ವರ್ಷಕ್ಕೇ ದಿನಗಟ್ಟಲೆ ಹಿಡಿಯುತ್ತೆ. ನಿಮ್ಮ ಪಿಎಚ್‌ಡಿ ಮುಗಿಯೋದ್ರೊಳಗೆ ನಿಮಗೆ ಪೆನ್ಷನ್ ಶುರುವಾಗಿರುತ್ತೆ.

ಗ್ರಿಡ್ ಸಣ್ಣದು ಮಾಡ್ತೀನಿ ಅಂತ ಹೋಗಬೇಡಿ. 50ರಿಂದ 25ಕ್ಕೆ ಇಳಿಸಿದ್ರೆ ಚೌಕಗಳು ನಾಲ್ಕು ಪಟ್ಟು, ಕಾಲದ ಹೆಜ್ಜೆಯೂ ಅರ್ಧ ಆಗಬೇಕು, ಒಟ್ಟು ಕೆಲಸ ಎಂಟು ಪಟ್ಟು. ಮೇಲಿಂದ ಗಡಿಗೆ ಆರು ಗಂಟೆಗೊಮ್ಮೆಯ ಗಾಳಿ, ತೇವ, ಉಷ್ಣಾಂಶ ಎಲ್ಲ ಮಟ್ಟದಲ್ಲೂ ಬೇಕು. ನಿಮ್ಮ 4 ಟಿಬಿ ಅದನ್ನ ಇಳಿಸಿಕೊಳ್ಳೋಕೇ ಸಾಲಲ್ಲ.

ಇದನ್ನೆಲ್ಲ ಆಗಲೇ ಮಾಡಿಟ್ಟಿದ್ದಾರೆ. ಹಲವು ದೇಶದವರು ಸೇರಿ ರೀಜನಲ್ ಮಾಡೆಲ್ ಓಡಿಸೋ ಕಾರ್ಡೆಕ್ಸ್ ಯೋಜನೆ ಶುರುವಾಗಿದ್ದೇ 2009ರಲ್ಲಿ, ವಿಶ್ವ ಹವಾಮಾನ ಸಂಶೋಧನಾ ಕಾರ್ಯಕ್ರಮದ ಕೆಳಗೆ. ದಕ್ಷಿಣ ಏಷ್ಯಾ ಭಾಗ ನೋಡಿಕೊಳ್ಳೋದು ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ. 50 ಕಿ.ಮೀ.ದು ಹಳೇದು, ಆಮೇಲೆ 25 ಕಿ.ಮೀ.ದೂ ಬಂತು. ಲಾಗಿನ್ ಮಾಡಿ, ಇಳಿಸಿ, ಕೆಲಸ ಶುರು ಮಾಡಿ.

ಬೆಟ್ಟದಹಾದಿ

ಗುಂಡಣ್ಣ ಪುಣೆಯ ಎಸಿ ರೂಮಲ್ಲಿ ಕೂತು "ಬೇಡ" ಅನ್ನೋದು ಸುಲಭ ಮಾರಾಯ. ಅಲ್ಲಿ 2018ರಲ್ಲೇ 4 ಪೆಟಾಫ್ಲಾಪ್ಸ್‌ನ ಪ್ರತ್ಯೂಷ್ ಸೂಪರ್ ಕಂಪ್ಯೂಟರ್ ಬಂತು, 2024ರಲ್ಲಿ ಅದರ ಮೂರು ಪಟ್ಟು ದೊಡ್ಡ ಅರ್ಕ ಬಂತು. ಉಳಿದವರೆಲ್ಲ ಡೌನ್‌ಲೋಡ್ ಮಾಡಿಕೊಂಡು ಬಿದ್ದಿರಬೇಕಾ?

ಮೇಷ್ಟ್ರೇ, ಓಡಿಸಿ. ರೆಗ್‌ಸಿಎಂ ಹುಟ್ಟಿದ್ದು 80ರ ದಶಕದ ಕೊನೆಗೆ ಅಮೆರಿಕದ ವಾತಾವರಣ ಸಂಶೋಧನಾ ಕೇಂದ್ರ ಎನ್‌ಸಿಎಆರ್‌ನಲ್ಲಿ. ಅದನ್ನ ಬಡ ದೇಶಗಳ ಕೈಗೆ ಕೊಟ್ಟಿದ್ದು ಇಟಲಿಯ ಟ್ರಿಯೆಸ್ಟೆಯ ಭೌತಶಾಸ್ತ್ರ ಕೇಂದ್ರ ಐಸಿಟಿಪಿ, ಫಿಲಿಪೊ ಜಾರ್ಜಿ ಅವರ ತಂಡ. ಆ ಸಂಸ್ಥೆಯನ್ನ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ್ದೇ ನಮ್ಮಂಥ ದೇಶಗಳ ವಿಜ್ಞಾನಿಗಳು ಒಂಟಿಯಾಗಬಾರದು ಅಂತ. ನಾನೂ ಅಲ್ಲಿ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ಘಾನಾ, ನೇಪಾಳ, ಪೆರು, ಸುಡಾನ್ ಎಲ್ಲ ಕಡೆಯವರು, ಸಾಮಾನ್ಯ ಲ್ಯಾಪ್‌ಟಾಪಲ್ಲಿ ಸಣ್ಣ ಪ್ರದೇಶ ಇಟ್ಟುಕೊಂಡು ಓಡಿಸ್ತಿದ್ರು.

ಅಲ್ಲಿ ಕಲಿತಿದ್ದು ಯಾವ ಡೌನ್‌ಲೋಡಿಂದಲೂ ಸಿಗಲ್ಲ. ಒಂದೇ ಮುಂಗಾರು, ಒಂದೇ ಗಡಿ ಡೇಟಾ. ಮೋಡದ ಸ್ಕೀಮ್ (ಚೌಕಕ್ಕಿಂತ ಸಣ್ಣ ಮಳೆ ಮೋಡಗಳನ್ನ ಅಂದಾಜು ಮಾಡೋ ಸೂತ್ರ) ಮಾತ್ರ ಗ್ರೆಲ್ ಅನ್ನೋದು ತೆಗೆದು ಇಮ್ಯಾನುಯೆಲ್ ಹಾಕಿದೆ. ನಕಾಶೆ ತೆರೆದು ನೋಡಿದ್ರೆ ಅರಬ್ಬಿ ಸಮುದ್ರದ ಮೇಲಿನ ಮಳೆಯೂ ಬೇರೆ, ಘಟ್ಟದ ಮಳೆಯೂ ಬೇರೆ! ಅಷ್ಟು ಸೂಕ್ಷ್ಮ ಆ ಮಾಡೆಲ್. ಇದನ್ನ ಕಣ್ಣಾರೆ ಕಂಡವನು ಆಮೇಲೆ ಯಾವ ನಕಾಶೆಯನ್ನೂ ಕಣ್ಣು ಮುಚ್ಚಿ ನಂಬಲ್ಲ.

ಗ್ರಿಡ್‌ಗುಂಡ

ನಾನು ಪುಣೆ ಅಂತ ಹೇಳಿದ್ದು ಯಾರು? 😄 ಮತ್ತೆ ನಮ್ಮ ರೂಮಿನ ಎಸಿ ಕೆಟ್ಟು ಕೂತಿದೆ.

ಪಂಚಾಂಗಪ್ರಿಯ

ನಾಳೆ ಮಳೆ ಬರುತ್ತೋ ಇಲ್ಲವೋ ಸರಿಯಾಗಿ ಹೇಳೋಕೆ ಬರಲ್ಲ, 2050ರ ಮಳೆ ಹೇಳ್ತಾರಂತೆ. ನಮ್ಮ ಮಳೆ ನಕ್ಷತ್ರಗಳೇ ವಾಸಿ. ಪುನರ್ವಸು, ಪುಷ್ಯ ಕೈಕೊಟ್ರೂ ಆಶ್ಲೇಷ ಸುರಿಯುತ್ತೆ.

ಅಂಕಿಅಂಶದಕ್ಕ

@ಪಂಚಾಂಗಪ್ರಿಯ, ಮದುವೆಗೆ ಯಾರು ಎಷ್ಟು ಹೊತ್ತಿಗೆ ಬರ್ತಾರೆ ಅಂತ ಯಾರೂ ಹೇಳಲ್ಲ, ಆದ್ರೆ ಎಷ್ಟು ಅಕ್ಕಿ ಹಾಕಬೇಕು ಅಂತ ಅಡುಗೆ ಭಟ್ಟರು ಹೇಳ್ತಾರೆ ತಾನೇ? ನಾಳಿನ ಮಳೆಗೆ ಇವತ್ತಿನ ಗಾಳಿ ಕರಾರುವಾಕ್ಕಾಗಿ ಗೊತ್ತಿರಬೇಕು. 30 ವರ್ಷದ ಸರಾಸರಿಗೆ ಸಮುದ್ರದ ಬಿಸಿ, ಗಾಳಿಯ ಇಂಗಾಲ, ನೆಲದ ಬಳಕೆ ಇವು ಮುಖ್ಯ. ಎರಡೂ ಬೇರೆ ಪ್ರಶ್ನೆ. ಇಲ್ಲಿಗೆ ಬಿಡೋಣ, ಮೇಷ್ಟ್ರ ಚರ್ಚೆಯ ದಾರ (ಥ್ರೆಡ್) ಹಾಳಾಗುತ್ತೆ.

ಈಗ ಮೇಷ್ಟ್ರಿಗೆ. ಓಡಿಸ್ತೀರೋ ಇಳಿಸ್ತೀರೋ ಅದು ಆಮೇಲೆ. ಹೋಲಿಸೋಕೆ ಯಾವ ಮಳೆ ಇಟ್ಟುಕೊಂಡಿದ್ದೀರಿ? ನಕಾಶೆಯಲ್ಲಿ ಅಳೆದು ನೋಡಿ: ಮಲ್ಪೆ ಕಡಲಿಂದ ಆಗುಂಬೆಗೆ ನೇರ ಗೆರೆ ಎಳೆದ್ರೆ 45 ಕಿ.ಮೀ. ಆಸುಪಾಸು. ಅಂದ್ರೆ 50 ಕಿ.ಮೀ. ಚೌಕ ಒಂದರಲ್ಲೇ ಕಡಲು, ಕರಾವಳಿ, ಘಟ್ಟದ ನೆತ್ತಿ ಎಲ್ಲ ಕಲಸಿ ಹೋಗುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ. ಅಲ್ಲಿಂದ ಶಿವಮೊಗ್ಗ ನೇರ 70 ಕಿ.ಮೀ., ಅಷ್ಟರಲ್ಲಿ ಮಳೆ ಎಷ್ಟೋ ಪಟ್ಟು ಇಳಿದು ಹೋಗಿರುತ್ತೆ. ಆ ಇಳಿಜಾರು ಎಲ್ಲಿ ಬೀಳುತ್ತೆ ಅನ್ನೋದರ ಮೇಲೇ ನಿಮ್ಮ ತುಂಗೆಯ ಹರಿವು ನಿಂತಿದೆ.

ಹವಾಮಾನ ಇಲಾಖೆಯ ಕಾಲು ಡಿಗ್ರಿ (ಸುಮಾರು 27 ಕಿ.ಮೀ.) ಗ್ರಿಡ್ ಮಳೆ 1901ರಿಂದ ಪುಕ್ಕಟೆ ಸಿಗುತ್ತೆ. ಬಳಸಿ, ಆದ್ರೆ ಒಂದು ಮಾತು ನೆನಪಿರಲಿ. ಅದರಲ್ಲಿ ಒಂದು ದಿನದ ಮಳೆ ಅಂದ್ರೆ ಆ ದಿನ ಬೆಳಗ್ಗೆ ಎಂಟೂವರೆಗೆ ಅಳೆದದ್ದು, ಅಂದ್ರೆ ಹಿಂದಿನ 24 ಗಂಟೆಯದು. ಮಾಡೆಲ್‌ನ ದಿನ ಗ್ರೀನಿಚ್ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಸರಿಸದೆ ದಿನಕ್ಕೆ ದಿನ ಹೋಲಿಸಿದ್ರೆ ಹೆಚ್ಚುಕಮ್ಮಿ ಒಂದು ದಿನ ಆಚೀಚೆ. ತಿಂಗಳ ಲೆಕ್ಕಕ್ಕೆ ಪರವಾಗಿಲ್ಲ, ನೆರೆ ಲೆಕ್ಕಕ್ಕೆ ಮುಳುಗ್ತೀರಿ.

ಬೆಟ್ಟದಹಾದಿ

ಅಕ್ಕ, ಫೆಬ್ರವರಿ 30ರ ಕಥೆನೂ ಹೇಳಿಬಿಡಿ.

ಅಂಕಿಅಂಶದಕ್ಕ

ಅಯ್ಯೋ ಹೌದು. ಬ್ರಿಟನ್ನಿನ ಹ್ಯಾಡ್ಲಿ ಸೆಂಟರಿನ ಹ್ಯಾಡ್‌ಜೆಮ್-2ರಲ್ಲಿ ವರ್ಷಕ್ಕೆ 360 ದಿನ, ಪ್ರತಿ ತಿಂಗಳೂ ಮೂವತ್ತೇ. ಫೆಬ್ರವರಿ 30 ಇದೆ, ಜುಲೈ 31 ಇಲ್ಲ. ಬೇರೆ ಕೆಲವು ಮಾಡೆಲ್‌ಗಳಲ್ಲಿ ಅಧಿಕ ವರ್ಷವೇ ಇಲ್ಲ. ಎಕ್ಸೆಲ್‌ಗೆ ಹಾಕಿ ಎಳೆದ್ರೆ ತಾರೀಖು ಹಿಂದಕ್ಕೆ ಜಾರ್ತಾ ಜಾರ್ತಾ 30 ವರ್ಷದಲ್ಲಿ ಮುಂಗಾರು ಸಂಕ್ರಾಂತಿಗೆ ಬಂದಿರುತ್ತೆ. ಇನ್ನೆರಡು: ಮಳೆ ಬರೋದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಕಿಲೋ ಅಂತ, 86400ರಿಂದ ಗುಣಿಸಿದ್ರೆ ದಿನಕ್ಕೆ ಮಿ.ಮೀ. ಆಗುತ್ತೆ. ಒಂದು ಗ್ರಿಡ್ಡಿಂದ ಇನ್ನೊಂದಕ್ಕೆ ಮಳೆ ಬದಲಾಯಿಸುವಾಗ ಒಟ್ಟು ನೀರು ಉಳಿಸೋ ವಿಧಾನವನ್ನೇ ಬಳಸಿ, ಅಕ್ಕಪಕ್ಕದ ಸರಾಸರಿ ಬೇಡ.

ಕಡ್ಲೆಕಾಯಿ_ಪಾವಗಡ

ನಾನು ರೈತ, ಓದಿದ್ದು ಬಿಎಸ್ಸಿ. ಈ ದಾರ ನನ್ನ ಮಗಳು ತೋರಿಸಿದ್ಲು. ಒಂದು ಕೇಳ್ತೀನಿ ಸಾರ್, 2050ಕ್ಕೆ ಮಳೆ ನೂರಕ್ಕೆ ಐದು ಜಾಸ್ತಿ ಅಂತ ಬರೀತೀರಿ ಅನ್ಕೊಳ್ಳಿ. ಅದನ್ನ ತಗೊಂಡು ನಾವೇನು ಮಾಡಾನ?

ನಮ್ ಪಾವಗಡದ ಕಡೆ ಐಐಎಸ್ಸಿಯ ಸುಲೋಚನಾ ಗಾಡ್ಗೀಳ್ ಮೇಡಮ್ಮೋರು ಕೆಲಸ ಮಾಡಿದ್ರು. ಅವರು ಶುರು ಮಾಡಿದ್ದು ಮಾಡೆಲ್ಲಿಂದ ಅಲ್ಲ, ರೈತರು ಏನು ತೀರ್ಮಾನ ಮಾಡಬೇಕಾಗೈತೆ ಅನ್ನೋದ್ರಿಂದ. ಮಳೆ ಆಧಾರದ ಕಡ್ಲೆಕಾಯಿ ಯಾವಾಗ ಬಿತ್ತಿದ್ರೆ ಕೈಕೊಡೋದು ಕಮ್ಮಿ? ಹಳೇ ಮಳೆ ದಾಖಲೆ, ಬೆಳೆ ಮಾಡೆಲ್ಲು, ರೈತರ ಅನುಭವ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ರು. ನಮಗೆ ಬೇಕಾದ್ದು ಹೂವು ಬಿಟ್ಟು ಊಡು (ಕಾಯಿ ಕಟ್ಟೋ ಎಳೆ) ಇಳಿಯೋ ಹೊತ್ನಾಗೆ ಎಷ್ಟು ದಿನ ಒಣಗು ಬೀಳ್ತೈತೆ ಅನ್ನೋದು. ವರ್ಷದ ಒಟ್ಟು ಮಳೆ ತಗೊಂಡು ಉಪ್ಪಿನಕಾಯಿ ಹಾಕಾನ?

ತುಂಗಾತೀರ

ಈ ಪ್ರಶ್ನೆ ನನ್ನ ಗೈಡ್ ಒಂದು ಸಲಾನೂ ಕೇಳಿಲ್ಲ ಸರ್.

ನೈರೋಬಿ_ಕನ್ನಡಿಗ

ಪಾವಗಡದ ಯಜಮಾನರಿಗೆ ದೊಡ್ಡ ನಮಸ್ಕಾರ. ಇಲ್ಲಿ ಪೂರ್ವ ಆಫ್ರಿಕಾದಲ್ಲೂ ಇದೇ ಜಗಳ. ಮಾರ್ಚ್‌ನಿಂದ ಮೇ ತನಕ ಇಲ್ಲಿ ಉದ್ದ ಮಳೆಗಾಲ. ಮಾಡೆಲ್‌ಗಳು ಮುಂದೆ ಮಳೆ ಹೆಚ್ಚುತ್ತೆ ಅಂತ ಹೇಳ್ತಾ ಬಂದವು. ಇಲ್ಲಿ ಕೆಲವು ದಶಕ ನಿಜಕ್ಕೂ ಕಂಡಿದ್ದು ಮಳೆ ಕಡಿಮೆಯಾಗಿದ್ದು. ಪೂರ್ವ ಆಫ್ರಿಕಾದ ಹವಾಮಾನ ವಿರೋಧಾಭಾಸ ಅಂತಲೇ ಇದಕ್ಕೆ ಹೆಸರು ಬಿದ್ದಿದೆ. ಕೆನ್ಯಾದ ಕುರಿ ಸಾಕೋನಿಗೆ ಈಗ ಯಾವುದನ್ನ ನಂಬು ಅಂತ ಹೇಳ್ತೀರಿ?

ಕಾಂಗೋ ಕಣಿವೆಯ ಗತಿ ಇನ್ನೂ ಕಷ್ಟ. ಅಲ್ಲಿ ಮಳೆ ಮಾಪಕಗಳೇ ಅಷ್ಟು ಕಮ್ಮಿ. ಉಪಗ್ರಹದ ಒಂದು ಲೆಕ್ಕ ಒಂದು ಹೇಳುತ್ತೆ, ಇನ್ನೊಂದು ಇನ್ನೊಂದು ಹೇಳುತ್ತೆ. ಸರಿ ಉತ್ತರ ಯಾವುದು ಅಂತಲೇ ಗೊತ್ತಿಲ್ಲದ ಪರೀಕ್ಷೆಯಲ್ಲಿ ಮಾಡೆಲ್‌ಗೆ ಅಂಕ ಕೊಡೋದು ಹೇಗೆ?

ಇನ್ನು ಯಂತ್ರದ ಮಾತು. ಬ್ರಿಟನ್ನಿನ ಹವಾಮಾನ ಇಲಾಖೆಯವರು ಇಡೀ ಆಫ್ರಿಕಾಕ್ಕೆ 4.5 ಕಿ.ಮೀ. ಗ್ರಿಡ್‌ನ ಮಾಡೆಲ್ ಓಡಿಸಿದ್ರು. ಅಷ್ಟು ಸಣ್ಣ ಗ್ರಿಡ್‌ನಲ್ಲಿ ಮಳೆ ಮೋಡಕ್ಕೆ ಬೇರೆ ಸ್ಕೀಮೇ ಹಾಕದೆ ನೇರ ಲೆಕ್ಕ ಮಾಡಬಹುದು, ಬಿರುಮಳೆ ಚೆನ್ನಾಗಿ ಕಾಣಿಸುತ್ತೆ. ಕೆಲಸ ಅದ್ಭುತ, ನನ್ನ ತಕರಾರಿಲ್ಲ. ಆದ್ರೆ ಆಫ್ರಿಕಾದ ಯಾವ ವಿಶ್ವವಿದ್ಯಾಲಯದಲ್ಲಿ ಅದನ್ನ ಮತ್ತೆ ಓಡಿಸಿ ನೋಡೋ ಯಂತ್ರ ಇದೆ? ಬೆಟ್ಟದಹಾದಿಯವರ ಸಿಟ್ಟು ನನಗೆ ಅರ್ಥ ಆಗುತ್ತೆ.

ಗ್ರಿಡ್‌ಗುಂಡ

ವಿರೋಧಾಭಾಸ ನಮ್ಮಲ್ಲೂ ಇದೆ. ಭೂವಿಜ್ಞಾನ ಸಚಿವಾಲಯದ 2020ರ ವರದಿ ನೋಡಿ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ. 6 ಇಳಿದಿದೆ. ಎದ್ದು ಕಾಣೋದು ಗಂಗಾ ಬಯಲಲ್ಲಿ, ಮತ್ತೆ ನಮ್ಮ ಪಶ್ಚಿಮ ಘಟ್ಟದಲ್ಲಿ. ಮುಂದಕ್ಕೆ ಮಾತ್ರ ಮಾಡೆಲ್‌ಗಳು ಹೆಚ್ಚಳ ತೋರಿಸ್ತವೆ. ಗಾಳಿಯ ಹೊಗೆ, ದೂಳಿನ ಕಣಗಳು ಇಂಗಾಲದ ಪರಿಣಾಮವನ್ನ ಇಷ್ಟು ದಿನ ಅಮುಕಿ ಹಿಡಿದಿವೆ ಅಂತ ಆ ವರದಿ ಹೇಳುತ್ತೆ. ಮೇಷ್ಟ್ರೇ, ನೀವು ರೆಗ್‌ಸಿಎಂ ಓಡಿಸುವಾಗ ವರ್ಷ ವರ್ಷಕ್ಕೆ ಬದಲಾಗೋ ಕಣಗಳನ್ನ ಕೊಡ್ತೀರಾ? ಹಲವು ಪ್ರಾದೇಶಿಕ ಓಟಗಳಲ್ಲಿ ಕೊಟ್ಟೇ ಇಲ್ಲ.

ಇನ್ನೊಂದು. ಐಐಟಿ ಬಾಂಬೆಯವರು 2017ರಲ್ಲಿ ಇದೇ ಪ್ರಶ್ನೆ ಕೇಳಿದ್ರು: ಭಾರತದ ಮುಂಗಾರಿಗೆ ಪ್ರಾದೇಶಿಕ ಮಾಡೆಲ್‌ಗಳಿಂದ ಏನಾದ್ರೂ ಹೆಚ್ಚಿನ ಲಾಭ ಇದೆಯಾ ಅಂತ. ಕಾರ್ಡೆಕ್ಸ್ ಓಟಗಳು ಗಡಿ ಡೇಟಾ ಕೊಟ್ಟ ತಮ್ಮ ತಾಯಿ ಮಾಡೆಲ್‌ಗಿಂತ ಎಲ್ಲ ಕಡೆ ಚೆನ್ನಾಗಿಲ್ಲ ಅನ್ನೋದೇ ಉತ್ತರ. ಗಡಿಯಿಂದ ತಪ್ಪು ಗಾಳಿ ಬಂದ್ರೆ ಒಳಗೆ ಎಷ್ಟು ಸಣ್ಣ ಚೌಕ ಇಟ್ರೂ ಅಷ್ಟೇ.

ಬೆಟ್ಟದಹಾದಿ

ಅದು 50 ಕಿ.ಮೀ. ಓಟಗಳ ಮಾತು. ಆ ಗ್ರಿಡ್‌ನಲ್ಲಿ ಘಟ್ಟ ದಿಣ್ಣೆಯಷ್ಟೇ. 25ರಲ್ಲಿ ಘಟ್ಟ ಏಳುತ್ತೆ.

ಗ್ರಿಡ್‌ಗುಂಡ

ಏಳುತ್ತೆ, ಜೊತೆಗೆ ಮಳೆಯೂ ಅಗತ್ಯಕ್ಕಿಂತ ಜಾಸ್ತಿ ಏಳುತ್ತೆ ಎಷ್ಟೋ ಸಲ. ಆಮೇಲೆ "ಬಯಾಸ್ ಕರೆಕ್ಷನ್" ಅಂತ, ಮಾಡೆಲ್ ಮಳೆಯನ್ನ ಅಳೆದ ಮಳೆಗೆ ಹೊಂದಿಸೋ ಮಂತ್ರ ಹಾಕಿ ಕೂರಿಸ್ತೀರಿ. ಕೊನೆಗೆ ಉಳಿಯೋದು ಹವಾಮಾನ ಇಲಾಖೆಯ ಹಳೇ ಮಳೆ, ಮೇಲೆ ಮಾಡೆಲ್‌ನ ಹೆಸರು.

ಬೆಟ್ಟದಹಾದಿ

ಹಾಗಾದ್ರೆ ಡೌನ್‌ಲೋಡ್ ಮಾಡಿದ ಡೇಟಾಗೂ ಅದೇ ಮಂತ್ರ ಹಾಕಲ್ವಾ ನೀವು? ಅಲ್ಲಿ ಮಾತ್ರ ಮಡಿನಾ?

ಎಐ_ಹುಡುಗ

ಎಲ್ಲರೂ ಹಳೇ ಕಾಲದಲ್ಲೇ ಇದೀರಾ ಗುರು. ಇದಕ್ಕೆಲ್ಲ ಈಗ ಎಐ ಇದೆ. 2025ರ ಮುಂಗಾರಲ್ಲಿ ಕೇಂದ್ರ ಕೃಷಿ ಸಚಿವಾಲಯ ಎಐ ಮಾಡೆಲ್‌ಗಳ ಮಳೆ ಮುನ್ಸೂಚನೆಯನ್ನ 3.8 ಕೋಟಿ ರೈತರಿಗೆ ಎಸ್ಸೆಮ್ಮೆಸ್ ಮಾಡ್ತು. ಗೂಗಲ್‌ನ ನ್ಯೂರಲ್‌ಜಿಸಿಎಂ ಅದರಲ್ಲಿ ಒಂದು. ಒಂದು ಜಿಪಿಯು ತಗೊಳ್ಳಿ, ಸೂಪರ್ ಕಂಪ್ಯೂಟರ್ ಯಾಕೆ?

ಅಂಕಿಅಂಶದಕ್ಕ

ತಮ್ಮಾ, ಅದು ಕೆಲವು ವಾರ ಮುಂಚಿನ ಮುನ್ಸೂಚನೆ, ಒಳ್ಳೇ ಕೆಲಸವೇ. ಇಲ್ಲಿ ಕೇಳ್ತಿರೋದು 2050. ಕಲಿತದ್ದೆಲ್ಲ ಹಿಂದಿನ ಹವೆಯಿಂದ, ಹಿಂದೆ ಎಂದೂ ಇಲ್ಲದ ಬಿಸಿಯಲ್ಲಿ ಅದು ಏನು ಹೇಳುತ್ತೆ ಅಂತ ಪರೀಕ್ಷೆ ಆಗಬೇಕು. ಅವಕ್ಕೆ ಕಲಿಸೋಕೆ ಹೆಚ್ಚಾಗಿ ಬಳಸೋ ಇಆರ್‌ಎ-5 ಅನ್ನೋ ಹಿಂದಿನ ಹವೆಯ ಡೇಟಾ ಇದೆಯಲ್ಲ, ಅದೂ ಅಳತೆಗಳನ್ನ ಹಳೇ ಥರದ ಭೌತಶಾಸ್ತ್ರದ ಮಾಡೆಲ್ ಜೊತೆ ಬೆರೆಸಿ ಮಾಡಿದ್ದೇ. ದೊಡ್ಡ ಗ್ರಿಡ್ಡನ್ನ ಸಣ್ಣದು ಮಾಡೋಕೆ ಎಐ ಬಳಸಬಹುದು, ಆದ್ರೆ ಅದಕ್ಕೂ ಘಟ್ಟದ ಒಳ್ಳೇ ಮಳೆ ದಾಖಲೆ ಬೇಕು. ತಿರುಗಿ ಅಲ್ಲಿಗೇ ಬಂದ್ವಿ.

ಬಳ್ಳಾರಿ_ಬಿಸಿಲು

2050ರ ಒಳಹರಿವು ಇರ್ಲಿ ಬಿಡ್ರಿ. ನಮ್ ಟಿಬಿ ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು, ಈಗ ಹೂಳು ತುಂಬಿ 105 ಆಗೈತಿ. ಮಳೆ ಜಾಸ್ತಿ ಆದ್ರ ನೀರು ಎಲ್ಲಿ ಇಟ್ಕೋತೀರಿ? 2024ರ ಆಗಸ್ಟ್‌ನಾಗ 19ನೇ ಗೇಟು ಕೊಚ್ಚಿ ಹೋತು, ತುಂಬಿದ ಡ್ಯಾಮಿನ ನೀರು ಕಣ್ಣ ಮುಂದ ಹರಿದು ಹೋತು. ಮಾಡೆಲ್‌ನಾಗ ಗೇಟಿನ ಚೈನೂ ಹಾಕ್ರಿ ಸ್ವಲ್ಪ.

ಪಂಚಾಂಗಪ್ರಿಯ

ಅದಕ್ಕೆ ಯಾರು ಹೊಣೆ ಅಂತ ಮೊದಲು ಹೇಳಿ. ಆಗಿನ ಸರ್ಕಾರ

ನಿರ್ವಾಹಕ

ಡ್ಯಾಮ್ ರಾಜಕೀಯಕ್ಕೆ ಬೇರೆ ದಾರ ಇದೆ, ಅಲ್ಲಿಗೆ ಹೋಗಿ. ಮೇಲಿನ ಪೋಸ್ಟಿನ ಅರ್ಧ ಕತ್ತರಿಸಿದ್ದೇನೆ. ಹೂಳಿನ ಮಾತು ವಿಷಯಕ್ಕೆ ಸಂಬಂಧ ಇರೋದ್ರಿಂದ ಇರಲಿ.

ಕಳಸದ_ಕಾಫಿ

ಇಷ್ಟು ಹೊತ್ತು ಓದ್ತಾ ಇದ್ದೆ. ಮಳೆ ದಾಖಲೆ ಇಲ್ಲ, ಇಲ್ಲ ಅಂತಿದ್ದೀರಲ್ಲ, ಭದ್ರೆಯ ತಲೆಯಲ್ಲಿ ಕೂತಿರೋ ನಮ್ಮನ್ನ ಯಾರೂ ಕೇಳಿಲ್ಲ. ಕಳಸ, ಕೊಪ್ಪ, ಮೂಡಿಗೆರೆ ಕಡೆ ಹಳೇ ಕಾಫಿ ತೋಟಗಳಲ್ಲಿ ಮಳೆ ಬುಕ್ಕು ಅಂತ ಇರುತ್ತೆ. ದಿನಾ ಬೆಳಗ್ಗೆ ರೈಟರ್ (ತೋಟದ ಗುಮಾಸ್ತ) ಗೇಜು ಅಳೆದು ಬರೀತಾರೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ್ದೂ ಇದೆ, ಕೆಲವು ಪುಟ ಒರಲೆ ತಿಂದಿದೆ. ಲೆಕ್ಕ ಎಲ್ಲ ಇಂಚು, ಸೆಂಟಲ್ಲಿ. ನೂರು ಸೆಂಟಿಗೆ ಒಂದು ಇಂಚು. ಈಗಲೂ ಪಕ್ಕದ ತೋಟದವರು ಫೋನ್ ಮಾಡಿದ್ರೆ ಮೊದಲು ಕೇಳೋದು "ನಿಮ್ಮಲ್ಲಿ ಎಷ್ಟು ಸೆಂಟು?" ಅಂತಲೇ.

ಹವಾಮಾನ ಇಲಾಖೆಯ ಗ್ರಿಡ್‌ಗೆ ಇವು ಹೋಗಿಲ್ಲ. ಯಾರಾದ್ರೂ ಬಂದು ಫೋಟೋ ತೆಗೆದುಕೊಂಡು ಹೋದ್ರೆ ಕೊಡೋದಕ್ಕೆ ಬೇಕಾದಷ್ಟು ಜನ ಇದ್ದಾರೆ. ಕಾಫಿನೂ ಕೊಡ್ತೀವಿ.

ಅಂಕಿಅಂಶದಕ್ಕ

ಮೇಷ್ಟ್ರೇ!!! ಗೈಡ್ ಕೇಳಿದ ಹೊಸದು ಇಲ್ಲಿದೆ ನೋಡಿ.

ಗ್ರಿಡ್‌ಗುಂಡ

ಇದಕ್ಕೆ ನನ್ನ ಪೂರ್ತಿ ಓಟು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯ ಮಳೆ ಮಾಪಕ ಈಗ ಗ್ರಾಮ ಪಂಚಾಯಿತಿಗೊಂದು ಇದೆ, ದಟ್ಟವಾಗಿದೆ, ಆದ್ರೆ ದಾಖಲೆ ಹಳೇದಲ್ಲ. ತೋಟದ ಬುಕ್ಕು ಹಳೇದು, ಆದ್ರೆ ಚೆದುರಿ ಹೋಗಿದೆ. ಎರಡನ್ನೂ ಒಂದೇ ಕಾಲದಲ್ಲಿ ಹೋಲಿಸಿ ನೋಡಿ, ಆಮೇಲೆ ಹಿಂದಕ್ಕೆ ಹೋಗಿ. ಟ್ರಿಯೆಸ್ಟೆಯವರಿಗೂ ಪುಣೆಯವರಿಗೂ ಇದು ಸಿಗಲ್ಲ.

ಕಳಸದ_ಕಾಫಿ

ಒಂದು ಎಚ್ಚರಿಕೆ. ರೈಟರ್ ರಜೆ ಹಾಕಿದ ದಿನ ಸೊನ್ನೆ ಬಿದ್ದಿರುತ್ತೆ, ಮಾರನೇ ದಿನ ಎರಡು ದಿನದ್ದು ಒಟ್ಟಿಗೆ ಇರುತ್ತೆ. ಆಟಿ ತಿಂಗಳಲ್ಲಿ ಭಾನುವಾರ ಸೊನ್ನೆ ಕಂಡ್ರೆ ನಂಬಬೇಡಿ. ಜೋರು ಮಳೆಗೆ ರಾತ್ರಿ ಗೇಜು ತುಂಬಿ ಚೆಲ್ಲಿದ ದಿನಗಳೂ ಇವೆ. ಅಜ್ಜ ಅಂಥ ಕಡೆ ಪಕ್ಕದಲ್ಲಿ "ತುಂಬಿ ಹರಿದಿದೆ" ಅಂತ ಬರೆದಿದ್ದಾರೆ, ಎಲ್ಲರೂ ಬರೆಯಲ್ಲ.

ಕಡ್ಲೆಕಾಯಿ_ಪಾವಗಡ

ಅಜ್ಜಾರು ಭಲೇ. ನಮ್ ಕಡೆ ಸೊನ್ನೆ ಬರದ್ರೆ ಧಾರಾಳವಾಗಿ ನಂಬ್ಬೋದು 😅

ತುಂಗಾತೀರ

ಎಲ್ಲರಿಗೂ ಧನ್ಯವಾದ. ಹೀಗೆ ಮಾಡೋಣ ಅನ್ಕೊಂಡಿದ್ದೀನಿ. ಕಾರ್ಡೆಕ್ಸ್‌ನ 25 ಕಿ.ಮೀ. ಓಟಗಳು ಎಷ್ಟು ಸಿಗುತ್ತೋ ಅಷ್ಟೂ ಇಳಿಸ್ತೀನಿ. ತೋಟದ ಬುಕ್ಕು, ಪಂಚಾಯಿತಿ ಮಾಪಕ, ಇಲಾಖೆಯ ಗ್ರಿಡ್ ಮೂರಕ್ಕೂ ಹೋಲಿಸಿ ಘಟ್ಟದ ನೆತ್ತಿಯಿಂದ ಬಯಲಿಗೆ ಮಳೆ ಇಳಿಯೋದನ್ನ ಯಾವ ಮಾಡೆಲ್ ಸರಿಯಾಗಿ ಹಿಡಿಯುತ್ತೆ ನೋಡ್ತೀನಿ. ಒಟ್ಟು ಮಳೆ ಜೊತೆ ಸತತ ಒಣ ದಿನಗಳ ಲೆಕ್ಕವೂ ಇರುತ್ತೆ ಪಾವಗಡದ ಸರ್. ಗೈಡ್ ಸಮಾಧಾನಕ್ಕೆ ಡಬ್ಲ್ಯುಆರ್‌ಎಫ್‌ನಲ್ಲಿ 2019ರ ಆಗಸ್ಟ್ ನೆರೆಯ ಕೆಲವು ದಿನ ಮಾತ್ರ ಓಡಿಸ್ತೀನಿ. ಅಷ್ಟು ನನ್ನ ಯಂತ್ರ ತಡೆಯುತ್ತೆ.

ಗ್ರಿಡ್‌ಗುಂಡ

ಸೈ. ಆದ್ರೆ ಆ ನೆರೆಯ ಓಟವನ್ನ "ಹವಾಮಾನ ಬದಲಾವಣೆ" ಅಧ್ಯಾಯದಲ್ಲಿ ಹಾಕಬೇಡಿ, ಅದು ಒಂದು ಘಟನೆ ಅಷ್ಟೇ. ಬೇರೆ ಅಧ್ಯಾಯ ಮಾಡಿ.

ಬೆಟ್ಟದಹಾದಿ

ಓಡಿಸ್ತೀರಿ ಅಂತಾಯ್ತಲ್ಲ, ನನಗಷ್ಟು ಸಾಕು. ರೀಸ್ಟಾರ್ಟ್ ಫೈಲ್ ಬರೆಯೋ ಅವಧಿ ಮಾಡೆಲ್‌ನ ಆರು ಗಂಟೆಗೊಮ್ಮೆ ಅಂತ ಇಡಿ. ಕರೆಂಟ್ ಹೋದ್ರೆ ಅಲ್ಲಿಂದಲೇ ಮುಂದುವರಿಸಬಹುದು. ಸುಮ್ನೆ ಬಿಟ್ರೆ ಮೊದಲಿಂದ. ಮುಂದೆ ದೊಡ್ಡ ಓಟ ಬೇಕಾದ್ರೆ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿ ಪರಮ್ ಉತ್ಕರ್ಷ್ ಸೂಪರ್ ಕಂಪ್ಯೂಟರ್ ಇದೆ, ಸಮಯ ಕೇಳಿ ಅರ್ಜಿ ಹಾಕಿ. ಕೇಳದೇ ಯಾರೂ ಕೊಡಲ್ಲ.

ಬಳ್ಳಾರಿ_ಬಿಸಿಲು

ಹೂಳಿನ ಲೆಕ್ಕಾನೂ ಸೇರಿಸ್ರಿ ಸರ್, ಮಳೆ ಬಿರುಸಾದ್ರ ಮಣ್ಣೂ ಜಾಸ್ತಿ ಬರ್ತೈತಿ.

ತುಂಗಾತೀರ

ಅದು ಇನ್ನೊಂದು ಪಿಎಚ್‌ಡಿ ಆಗುತ್ತೆ ಸರ್ 🙂 @ಕಳಸದ_ಕಾಫಿ, ದೀಪಾವಳಿ ರಜೆಯಲ್ಲಿ ಇಬ್ಬರು ವಿದ್ಯಾರ್ಥಿಗಳ ಜೊತೆ ಬರಬಹುದಾ? ಸ್ಕ್ಯಾನರ್ ತರ್ತೀವಿ.

ಕಳಸದ_ಕಾಫಿ

ಬನ್ನಿ. ಕೊಯ್ಲು ಶುರುವಾಗೋ ಮುಂಚೆ ಬನ್ನಿ, ಆಮೇಲೆ ಯಾರಿಗೂ ಪುರಸೊತ್ತಿರಲ್ಲ. ಪಕ್ಕದ ಎರಡು ತೋಟದವರನ್ನೂ ಕೇಳಿಟ್ಟಿರ್ತೀನಿ. ಸ್ಕ್ಯಾನರಿಗೆ ಬುಕ್ಕು ಮಡಚಬೇಕಾಗುತ್ತೆ, ಹೊಲಿಗೆ ಬಿಚ್ಚುತ್ತೆ. ಮೊಬೈಲಲ್ಲೇ ಫೋಟೋ ತೆಗೀರಿ.